ರೋಗಿ ಇವನೇ, ರೇಟು ಹೇಳಿ

ನಮ್ಮ ಚಿಕ್ಕಪ್ಪನಿಗೆ ಇರುವುದು ಒಂದೇ ಕಾಯಿಲೆ: ಆರೋಗ್ಯವಾಗಿರುವಾಗ ಆಸ್ಪತ್ರೆಗೆ ಹೋಗುವುದು! ಹಲಸೂರಿನಿಂದ ಕೆ.ಆರ್. ಪುರದವರೆಗೆ ಅವರು ಮೆಟ್ಟಿಲು ಹತ್ತದ ಆಸ್ಪತ್ರೆಯಿಲ್ಲ, ಅಲ್ಲಿ ನುಂಗಿದ ಮಾತ್ರೆ ಒಂದೂ ಇಲ್ಲ. ಬೇರೆಯವರು ಕೆರೆ ದಂಡೆಗೆ ವಾಕಿಂಗ್ ಹೋದರೆ, ಇವರು ಬಿಲ್ಲಿಂಗ್ ಕೌಂಟರಿಗೆ ಹೋಗಿ ಯಾವ ಆಪರೇಶನ್ನಿಗೆ ಒಟ್ಟು ಎಷ್ಟಾಗುತ್ತದೆಂದು ವಿಚಾರಿಸಿಕೊಂಡು ಬರುತ್ತಾರೆ.

ಒಮ್ಮೆ ಹೆರಿಗೆ ಆಸ್ಪತ್ರೆಗೂ ನುಗ್ಗಿದರು.

“ನಾರ್ಮಲ್ ಎಷ್ಟಮ್ಮ, ಸಿಸೇರಿಯನ್ ಎಷ್ಟು?”

“ಪೇಷೆಂಟ್ ಯಾರು ಸರ್?”

“ಇನ್ನೂ ಯಾರೂ ಇಲ್ಲ. ಮುಂದೆ ಯಾರಾದ್ರೂ ಆಗ್ತಾರಲ್ವಾ!”

ಕೌಂಟರಿನ ಹುಡುಗಿ ಅವರ ನರೆತ ಮೀಸೆಯನ್ನು ನೋಡಿದಳು, ಆಮೇಲೆ ಪಕ್ಕದಲ್ಲಿದ್ದ ನನ್ನ ಹೊಟ್ಟೆಯನ್ನು ನೋಡಿದಳು. ನಾನು ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡೆ. ಏನೂ ಪ್ರಯೋಜನವಾಗಲಿಲ್ಲ.

ನನ್ನನ್ನೇಕೆ ಕರೆದೊಯ್ಯುತ್ತಾರೆ ಎಂದಿರಾ? ರೋಗಿಯಿಲ್ಲದೆ ರೇಟು ಹೇಳುವುದಿಲ್ಲ ಎನ್ನುವ ಕಡೆ ರೋಗಿ ನಾನೇ! ಹೊಸ ತಿಪ್ಪಸಂದ್ರದಲ್ಲಿ ಕಣ್ಣಿನ ಪೊರೆಯವನಾಗಿ ಗಾಜಿನ ಬಾಗಿಲಿಗೆ ಹಣೆ ಬಡಿದುಕೊಂಡಿದ್ದೇನೆ. ಬೈಯಪ್ಪನಹಳ್ಳಿಯಲ್ಲಿ ಮಂಡಿನೋವಿನವನಾಗಿ ಕುಂಟಿದ್ದೇನೆ. ನಟನೆಯಲ್ಲಿ ನಾನೆಷ್ಟು ಗಟ್ಟಿಗನೆಂದರೆ, ಅರ್ಧ ದಾರಿಯಲ್ಲಿ ಕಾಲು ಬದಲಿಸಿಬಿಟ್ಟೆ!

“ಯಾವ ಕಾಲು ಸರ್?” ಎಂದಳು ನರ್ಸಮ್ಮ.

“ಎರಡಕ್ಕೂ ಸೇರಿಸಿ ಹೇಳಮ್ಮ. ಒಟ್ಟಿಗೆ ಮಾಡಿಸಿದ್ರೆ ಡಿಸ್ಕೌಂಟ್ ಇದ್ಯಾ?” ಎಂದರು ಚಿಕ್ಕಪ್ಪ.

ಅಷ್ಟಕ್ಕೇ ಬಿಡುವವರೇ? ಮದುವೆಗೆ ಅಡುಗೆ ಕಂಟ್ರಾಕ್ಟು ಕೊಡುವವರು ಬಾಳೆಎಲೆ ಸೇರಿದೆಯಾ ಎಂದು ಕೇಳುವ ಹಾಗೆ, ಅರಿವಳಿಕೆ ಸೇರಿದೆಯಾ, ಸೂಜಿ, ಗ್ಲೌಸು ಸೇರಿದೆಯಾ ಎಂದು ಕೆದಕುತ್ತಾರೆ. ನಾನೋ, ಹೋಟೆಲಿನ ಮೆನುವಿನಲ್ಲಿ ರೇಟು ನೋಡುವುದಕ್ಕೂ ನಾಚಿ, ದುಬಾರಿ ಕಾಫಿ ಕುಡಿದು ಹೊಟ್ಟೆ ಉರಿಸಿಕೊಳ್ಳುವ ಮರ್ಯಾದಸ್ಥ! ಅವರ ಹಿಂದೆ ನಿಂತಾಗಲೆಲ್ಲ ನೆಲ ಬಿರಿಯಬಾರದೇ ಎನಿಸುತ್ತಿತ್ತು. ಆದರೆ ಆಪರೇಶನ್ ಎಂದು ಡಾಕ್ಟರು ಹೇಳಿದರೆ ನಮ್ಮ ಬೀದಿಯವರೆಲ್ಲ ಮೊದಲು ಬರುವುದು ಚಿಕ್ಕಪ್ಪನ ಬಳಿಗೇ.

ವರ್ಷಗಳ ಹಿಂದೆ ಚಿಕ್ಕಮ್ಮನಿಗೆ ಆಪರೇಶನ್ ಆದಾಗ ಯಾರೂ ಮೊದಲೇ ವಿಚಾರಿಸಿರಲಿಲ್ಲ. ಬಿಲ್ಲು ಕಟ್ಟಲು ಕೆ.ಆರ್. ಪುರದ ಸೈಟು ಮಾರಬೇಕಾಯಿತು. ಚಿಕ್ಕಮ್ಮ ಗುಣವಾದರು. ಆದರೆ ಬದುಕಿರುವವರೆಗೂ “ನನ್ನಿಂದ ಸೈಟ್ ಹೋಯ್ತು” ಎಂದು ಕೊರಗುವುದನ್ನು ಬಿಡಲಿಲ್ಲ.

ಹೋದ ತಿಂಗಳು ನನಗೆ ನಿಜವಾಗಿಯೂ ಹೊಟ್ಟೆನೋವು ಬಂತು.

“ಇವತ್ತು ಯಾವ ಆಸ್ಪತ್ರೆಗೂ ಹೋಗೋದಿಲ್ವಲ್ಲೋ, ಯಾಕೆ ಆ್ಯಕ್ಟಿಂಗು?” ಎಂದರು ಚಿಕ್ಕಪ್ಪ. ನನ್ನ ನಟನೆಗೆ ಸಿಕ್ಕ ಮೊದಲ ಮೆಚ್ಚುಗೆ! ನಾನು ನೆಲದ ಮೇಲೆ ಹೊರಳಾಡಿದ ಮೇಲೆ ಗಾಬರಿಬಿದ್ದು ಆಟೋ ಹತ್ತಿಸಿದರು.

ಅಪೆಂಡಿಕ್ಸ್, ಇವತ್ತೇ ಆಪರೇಶನ್ ಆಗಬೇಕು ಎಂದರು ಡಾಕ್ಟರು. ಸ್ಟ್ರೆಚರಿನಲ್ಲಿ ಮಲಗಿದ್ದ ನನಗೆ ಹೊಟ್ಟೆನೋವಿಗಿಂತ ಮಗಳ ಕಾಲೇಜು ಫೀಸಿನ ಚಿಂತೆಯೇ ಹೆಚ್ಚಾಯಿತು. ನಾಚಿಕೆ ಬಿಟ್ಟು ಬಾಯಿ ತೆರೆದೆ.

“ಎಷ್ಟಾಗತ್ತೆ ಚಿಕ್ಕಪ್ಪ?”

ಅವರು ನನ್ನ ತಲೆ ಸವರಿದರು.

“ನೀನು ಕೇಳ್ಬಾರ್ದು ಕಣೋ. ಇಲ್ಲಿ ಎಲ್ಲಾ ಸೇರಿ ಎಷ್ಟು ಅಂತ ನಂಗೊತ್ತು, ನಮ್ ಕೈಲಾಗತ್ತೆ. ಮಲಗಿರೋರು ಈ ಮಾತು ಕೇಳ್ಬಾರ್ದು ಅಂತಾನೇ ನಾನು ಊರೆಲ್ಲಾ ಕೇಳ್ಕೊಂಡ್ ತಿರುಗೋದು.”

ಸ್ಟ್ರೆಚರ್ ಒಳಗೆ ಹೋಗುವಾಗ ಕತ್ತು ತಿರುಗಿಸಿ ನೋಡಿದೆ. ಚಿಕ್ಕಪ್ಪ ನನ್ನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದರು.