ಉಫ್ಫಣ್ಣನ ವರ್ಗಾವಣೆ

ಎದುರಾಳಿ ಮನುಷ್ಯನಾಗಿದ್ದರೆ ಗುಮಾಸ್ತರು ಇಷ್ಟೊಂದು ಕೊರಗುತ್ತಿರಲಿಲ್ಲ. ಮನುಷ್ಯನಿಗೆ ಏನಾದರೊಂದು ಕುಂದು ಇದ್ದೇ ಇರುತ್ತದೆ. ತಲೆ ಬೋಳಾಗಿರುತ್ತದೆ, ಇಲ್ಲವೇ ನಕ್ಕರೆ ವಸಡು ಕಾಣುತ್ತದೆ. ಅದನ್ನೇ ನಾಲ್ಕು ಜನರ ಮುಂದೆ ಎತ್ತಿ ಆಡಿ ಹೊಟ್ಟೆ ತಣ್ಣಗೆ ಮಾಡಿಕೊಳ್ಳಬಹುದು. ಆದರೆ ಗುಮಾಸ್ತರ ಮನೆ ಹೊಕ್ಕು, ಅವರ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಬುಟ್ಟಿಗೆ ಹಾಕಿಕೊಂಡವನಿಗೆ ಒಂಬತ್ತು ಅಡಿ ಎತ್ತರ, ಮೈತುಂಬ ನೀಲಿ ತುಪ್ಪಳ, ಮೂರು ಕಿವಿ, ಒಂದು ಬಾಲ. ಅದಕ್ಕಿಂತ ದೊಡ್ಡ ಅನ್ಯಾಯವೆಂದರೆ ಅಂಥವನೊಬ್ಬ ಎಲ್ಲಿಯೂ ಇರಲಿಲ್ಲ.

ಅವನ ಹೆಸರು ಉಫ್ಫಣ್ಣ. ಮಕ್ಕಳನ್ನು ಮಲಗಿಸಲೆಂದು ಹೆಂಡತಿ ಕಟ್ಟಿದ ಕಥೆಯ ಪ್ರಾಣಿ. ದಿನಾ ರಾತ್ರಿ ಒಂಬತ್ತಕ್ಕೆ ಮೋಡದಿಂದ ಇಳಿದು, ಕಿಟಕಿಯ ಸರಳುಗಳ ನಡುವೆ ಹೊಗೆಯ ಹಾಗೆ ನುಸುಳಿ, ಮಕ್ಕಳ ದಿಂಬಿಗೆ 'ಉಫ್' ಎಂದು ಊದುತ್ತಾನೆ. ದಿಂಬು ತಂಪಾಗುತ್ತದೆ. ಮಂಚದ ಕೆಳಗೆ ಅಡಗಿ ಕೂತ ಕೆಟ್ಟ ಕನಸುಗಳನ್ನು ಬಾಲದಿಂದ ಗುಡಿಸಿ ಹೊರಗೆ ಹಾಕುತ್ತಾನೆ. ಆಮೇಲೆ ಅದೇ ಬಾಲವನ್ನು ಸುರುಳಿ ಸುತ್ತಿ ಮಕ್ಕಳ ತಲೆಗೆ ಒತ್ತುಕೊಟ್ಟು, ಶಾಲೆಯಲ್ಲಿ ಆ ದಿನ ಏನೇನು ನಡೆಯಿತೆಂದು ಕೇಳುತ್ತಾನೆ. ಎರಡು ಕಿವಿ ಲೋಕದ ಸದ್ದಿಗೆ. ಮೂರನೆಯದು ಮಕ್ಕಳ ಮಾತಿಗೆಂದೇ ಮೀಸಲು. ಏಳು ವರ್ಷದ ಮಗಳೂ ನಾಲ್ಕು ವರ್ಷದ ಮಗನೂ ಹನ್ನೆರಡು ನಿಮಿಷದಲ್ಲಿ ನಿದ್ದೆಹೋಗುತ್ತಿದ್ದರು. (ಗುಮಾಸ್ತರು ಗಡಿಯಾರ ನೋಡಿಯೇ ಹೇಳುತ್ತಿದ್ದರು. ಅವರು ಮಲಗಿಸಿದ ದಿನಗಳಲ್ಲಿ ಆ ಲೆಕ್ಕ ಒಂದೂಮುಕ್ಕಾಲು ಗಂಟೆಗೆ ಹೋಗಿ, ಕೊನೆಗೆ ನಿದ್ದೆಹೋದವರು ಅವರೇ ಆಗಿರುತ್ತಿದ್ದರು.)

ಗುಮಾಸ್ತರು ಈ ಕಥಾಕಾಲಕ್ಷೇಪವನ್ನು ನಡುಮನೆಯಲ್ಲಿ ಕೂತು, ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು, ಒಂದಕ್ಷರ ಬಿಡದೆ ಕೇಳಿಸಿಕೊಳ್ಳುತ್ತಿದ್ದರು. ಅವರನ್ನು ಸುಟ್ಟದ್ದು ಪ್ರಾಣಿಯಲ್ಲ, ಹೆಂಡತಿಯ ದನಿ. ದಿನವಿಡೀ ಅಂಗಡಿಯಲ್ಲಿ ಗಿರಾಕಿಗಳ ಮೂಗಿಗೆ ಕನ್ನಡಕ ಕೂರಿಸಿ ದಣಿದು ಬರುವ ಆಕೆ ಗಂಡನೊಡನೆ ಆಡುತ್ತಿದ್ದದ್ದು ಮೂರು ಮತ್ತೊಂದು ಮಾತು: ಹಾಲು ತಂದ್ರಾ, ನಲ್ಲಿ ನಿಲ್ಸಿ, ಕಾಲು ತೆಗೀರಿ. ಉಫ್ಫಣ್ಣನ ವಿಷಯ ಬಂದರೆ ಅದೇ ಬಾಯಲ್ಲಿ ಜೇನು ಸುರಿಯುತ್ತಿತ್ತು.

"ಅಮ್ಮಾ, ಉಫ್ಫಣ್ಣ ಒದ್ದೆ ಟವೆಲ್ ಮಂಚದ ಮೇಲೆ ಎಸೀತಾನಾ?" ಎಂದು ಮಗ ಒಂದು ದಿನ ಕೇಳಿದ.

"ಛೆ ಛೆ, ಅವನು ಹಾಗೆಲ್ಲ ಮಾಡಲ್ಲಪ್ಪ. ನೀಟಾಗಿ ಒಣಗಿಹಾಕ್ತಾನೆ."

ನಡುಮನೆಯಲ್ಲಿ ಪತ್ರಿಕೆ ಸರಕ್ಕೆಂದಿತು. ಮಕ್ಕಳು ಮಲಗಿದ ಮೇಲೆ ಗುಮಾಸ್ತರು ಹೆಂಡತಿಯನ್ನು ವಿಚಾರಣೆಗೆ ತೆಗೆದುಕೊಂಡರು.

"ಆ ಟವೆಲ್ ಮಾತು ಯಾರನ್ನ ಕುರಿತು ಹೇಳಿದ್ದು?"

"ಉಫ್ಫಣ್ಣನ್ನ ಕುರಿತು."

"ಮೈತುಂಬ ತುಪ್ಪಳ ಇರೋನಿಗೆ ಟವೆಲ್ ಯಾತಕ್ಕೆ?"

"ರೀ, ಅದು ಕಥೆ."

"ಕಥೇಲೂ ಒಂದು ನ್ಯಾಯ ಬೇಡ್ವೇನೇ? ಅದೇನು ಮೂರನೇ ಕಿವಿ, ಮೂರನೇ ಕಿವಿ ಅಂತ ಹೊಗಳಿದ್ದೇ ಹೊಗಳಿದ್ದು! ನನಗೂ ಎರಡು ಕಿವಿ ಇದೆ."

"ಇದೆ," ಎಂದಳು ಹೆಂಡತಿ, ದೀಪ ಆರಿಸುತ್ತಾ. "ಕನ್ನಡಕ ಸಿಗಿಸೋಕೆ."

ಇಷ್ಟಕ್ಕೇ ನಿಂತಿದ್ದರೆ ಗುಮಾಸ್ತರು ನುಂಗಿಕೊಳ್ಳುತ್ತಿದ್ದರೇನೋ. ಆದರೆ ಅದೇ ವಾರ ಮಗಳು ಶಾಲೆಯಿಂದ 'ನನ್ನ ಕುಟುಂಬ' ಎಂಬ ಚಿತ್ರ ತಂದಳು. ನಡುವೆ ಅಮ್ಮ, ಅಮ್ಮನ ಬಲಕ್ಕೆ ಮಗಳು, ಎಡಕ್ಕೆ ಮಗ, ಮೂವರನ್ನೂ ಬಳಸಿಕೊಂಡು ಹಾಳೆಯ ತುದಿಯವರೆಗೂ ನೀಲಿ ಬಾಲ. ಗುಮಾಸ್ತರು ಹಾಳೆಯ ನಾಲ್ಕು ಮೂಲೆ ಹುಡುಕಿದರು. ಬರಿಗಣ್ಣಿಗೆ ಬೀಳದಷ್ಟು ಸಣ್ಣದಾಗಿಯಾದರೂ ಎಲ್ಲಾದರೂ ಇರಬಹುದೆಂದು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಹುಡುಕಿದರು.

"ನಾನೆಲ್ಲಿ ಪುಟ್ಟಿ?"

"ಹಾಳೆ ತಿರುಗಿಸಿ ಅಪ್ಪಾ. ಈ ಕಡೆ ಜಾಗ ಸಾಲಲಿಲ್ಲ."

ಹಿಂದುಗಡೆ ಗುಮಾಸ್ತರಿದ್ದರು. ಅಂದರೆ ಒಂದು ಪತ್ರಿಕೆ, ಅದರ ಕೆಳಗೆ ಎರಡು ಕಾಲು. ಶಾಲೆಯ ಮೇಡಂ ಹಾಳೆಯ ಮುಂಬದಿಯಲ್ಲಿ 'ಬಹಳ ಚೆನ್ನಾಗಿದೆ' ಎಂದು ಬರೆದು ನಕ್ಷತ್ರ ಅಂಟಿಸಿದ್ದರು. ಹಿಂಬದಿಯನ್ನು ಅವರೂ ನೋಡಿದ ಹಾಗಿರಲಿಲ್ಲ. ಗುಮಾಸ್ತರಿಗೆ ಹೊಟ್ಟೆಕಿಚ್ಚು ಬಂತು ಎಂದರೆ ಕಡಿಮೆ ಹೇಳಿದ ಹಾಗೆ. ಆ ಕಿಚ್ಚಿನಲ್ಲಿ ಒಂದು ಬೀದಿಯವರೆಲ್ಲ ಸ್ನಾನಕ್ಕೆ ನೀರು ಕಾಯಿಸಿಕೊಳ್ಳಬಹುದಿತ್ತು. ಎಂಟು ವರ್ಷ ಜೊತೆಯಲ್ಲಿ ಬಾಳಿದ ತಾವು ಹಾಳೆಯ ಹಿಂದೆ, ಆರು ತಿಂಗಳ ಹಿಂದೆ ಹುಟ್ಟಿದ ಆ ತುಪ್ಪಳದವನು ಹಾಳೆಯ ಮುಂದೆ! ಇನ್ನು ಸುಮ್ಮನಿರುವುದು ಗಂಡಸಿನ ಲಕ್ಷಣವಲ್ಲ ಎಂದು ಅವರು ಬಚ್ಚಲುಮನೆಯಲ್ಲಿ ಒಬ್ಬರೇ ನಿಂತು ನಿರ್ಧರಿಸಿದರು.

ಅವಕಾಶ ತಾನಾಗಿ ಬಂತು. ಅಂಗಡಿಗೆ ಹೊಸ ಕನ್ನಡಕಗಳು ಬಂದಿಳಿದು, ಅವನ್ನೆಲ್ಲ ಕಪಾಟಿಗೆ ಜೋಡಿಸಲು ಹೆಂಡತಿ ಒಂದು ಸಂಜೆ ಅಲ್ಲೇ ಉಳಿಯಬೇಕಾಯಿತು. ಫೋನಿನಲ್ಲಿ ಗಂಡನಿಗೆ ತಾಕೀತು ಮಾಡಿದಳು: "ಉಫ್ಫಣ್ಣ ಬಂದ, ಊದಿದ, ಹೋದ ಅಂತ ಹೇಳಿ ಮಲಗಿಸಿಬಿಡಿ. ಹೊಸದೇನೂ ಸೇರಿಸೋಕೆ ಹೋಗ್ಬೇಡಿ."

ಗುಮಾಸ್ತರು ಮೀಸೆಯೊಳಗೇ ನಕ್ಕರು. ಉಫ್ಫಣ್ಣನನ್ನು ಸಾಯಿಸಿಬಿಡೋಣವೆಂದು ಮೊದಲು ಅನ್ನಿಸಿತ್ತು. ಆದರೆ ಅವರು ಇರುವೆಯನ್ನೂ ದಾಟಿ ನಡೆಯುವ ಮನುಷ್ಯ. ಅಲ್ಲದೆ ಅದರ ಅಗತ್ಯವೂ ಇರಲಿಲ್ಲ. ಹತ್ತೊಂಬತ್ತು ವರ್ಷದಿಂದ ಅವರು ದೊಡ್ಡದೊಂದು ಇಲಾಖೆಯ ವರ್ಗಾವಣೆ ವಿಭಾಗದಲ್ಲಿ ಹಿರಿಯ ಗುಮಾಸ್ತರು. ಒಂದು ತೊಟ್ಟು ರಕ್ತ ಚೆಲ್ಲದೆ ಎಂತೆಂಥ ಘಟಾನುಘಟಿಗಳನ್ನು ಕುರ್ಚಿಯಿಂದ ಎಬ್ಬಿಸಿ, ಬಸ್ಸು ಕೂಡ ಹೋಗದ ಮೂಲೆಗಳಿಗೆ ಕಳಿಸಿದ ಕೈ ಅದು. ಇನ್ನು ಬಾಲವಿರುವ ಒಂದು ಪ್ರಾಣಿ ಯಾವ ಲೆಕ್ಕ?

ಒಂಬತ್ತಕ್ಕೆ ಮಕ್ಕಳಿಗೆ ಹೊದಿಕೆ ಹೊದಿಸಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದರು.

"ಒಂದಾನೊಂದು ಸೋಮವಾರ ಉಫ್ಫಣ್ಣನ ಮೋಡಕ್ಕೆ ಒಂದು ಲಕೋಟೆ ಬಂತು."

"ಯಾರು ಬರೆದಿದ್ದು?" ಎಂದಳು ಮಗಳು.

"ಮೇಲಿನವರು."

"ಮೋಡಕ್ಕಿಂತ ಮೇಲಾ?" ಎಂದ ಮಗ.

"ಮೇಲಿನವರಿಗೂ ಮೇಲಿನವರು ಇರ್ತಾರೆ ಕಂದಾ. ಲಕೋಟೆಲಿ ಏನಿತ್ತು ಅಂದ್ರೆ, ಆಡಳಿತದ ಹಿತದೃಷ್ಟಿಯಿಂದ ಉಫ್ಫಣ್ಣನನ್ನು ಈ ಕೂಡಲೇ ಉತ್ತರದ ಮಂಜುಬೆಟ್ಟಕ್ಕೆ ವರ್ಗಾಯಿಸಲಾಗಿದೆ. ಉಫ್ಫಣ್ಣ ಪೆಟ್ಟಿಗೆ ಕಟ್ಟಿದ. ಹೊರಟ. ಕಥೆ ಮುಗೀತು. ಮಲಕ್ಕೊಳ್ಳಿ."

ಮಗಳು ದಡಕ್ಕನೆ ಎದ್ದು ಕೂತಳು.

"ಆ ಬೆಟ್ಟದಲ್ಲಿ ಮಕ್ಕಳಿದ್ದಾರಾ?"

"ಇಲ್ಲ."

"ಮತ್ತೆ ಅಲ್ಲಿ ಯಾರ ದಿಂಬು ಊದ್ತಾನೆ?"

"ಅದೆಲ್ಲ ಆದೇಶದಲ್ಲಿ ಬರೆಯಲ್ಲ."

"ವಾಪಸ್ ಯಾವಾಗ ಬರ್ತಾನೆ?"

"ಕನಿಷ್ಠ ಮೂರು ವರ್ಷ. ಅಲ್ಲೀತನಕ ಅರ್ಜಿ ಕೂಡ ಹಾಕೋ ಹಾಗಿಲ್ಲ."

ಮಗನ ಕೆಳತುಟಿ ಮೊದಲು ನಡುಗಿತು, ಆಮೇಲೆ ತಿರುಚಿತು, ಆಮೇಲೆ ಆ ಬಾಯಿಂದ ಹೊರಟ ದನಿಗೆ ಎದುರುಮನೆಯ ದರ್ಜಿ ಕತ್ತರಿ ಹಿಡಿದುಕೊಂಡೇ ಓಡಿಬಂದ. "ಏನಾಯ್ತು ಸಾರ್, ಬಿದ್ದನಾ?" ಎಂದು ಕೇಳಿದ. "ಏನಿಲ್ಲ, ಪರಿಚಯದವರೊಬ್ಬರಿಗೆ ವರ್ಗ ಆಯ್ತು," ಎಂದು ಗುಮಾಸ್ತರು ಬಾಗಿಲು ಹಾಕಿಕೊಂಡರು. ಒಳಗೆ ಬಂದರೆ ಮಗಳೂ ರಾಗ ಕೂಡಿಸಿದ್ದಳು. ಗುಮಾಸ್ತರು ಬಿಸ್ಕತ್ತು ಕೊಟ್ಟರು, ಗದರಿದರು, ಕೈಮುಗಿದರು. ಯಾವುದಕ್ಕೂ ಸೊಪ್ಪು ಹಾಕುವವರಿಲ್ಲ.

"ನಮ್ಮನ್ನ ಹೀಗೇ ಬಿಟ್ಟು ಹೋದನಾ?" ಎಂದು ಮಗಳು ಬಿಕ್ಕುತ್ತಾ ಕೇಳಿದಳು. "ಅವನ ಕೆಲಸ ಇನ್ಮೇಲೆ ಯಾರು ಮಾಡ್ತಾರೆ?"

ಇದಕ್ಕೆ ಗುಮಾಸ್ತರಲ್ಲಿ ಉತ್ತರ ತಯಾರಾಗಿತ್ತು. ಇಷ್ಟಕ್ಕಾಗಿಯೇ ಅಲ್ಲವೇ ಇಡೀ ಕಾರ್ಯಾಚರಣೆ ನಡೆದದ್ದು? "ಯಾವ ಕುರ್ಚಿಯೂ ಖಾಲಿ ಇರೋ ಹಾಗಿಲ್ಲ ಪುಟ್ಟಿ. ಪಕ್ಕದಲ್ಲಿ ಇರೋರಿಗೆ ಆ ಕೆಲಸಾನೂ ಒಪ್ಪಿಸ್ತಾರೆ. ಅದಕ್ಕೆ ಹೆಚ್ಚುವರಿ ಪ್ರಭಾರ ಅಂತಾರೆ. ಇವತ್ತಿಂದ ಆ ಪ್ರಭಾರ ನನ್ನದು."

ಮಕ್ಕಳು ಅಳು ನಿಲ್ಲಿಸಿ ಅವರನ್ನು ಮೇಲಿಂದ ಕೆಳಗೆ ನೋಡಿದರು. ಅಂಗಡಿಯಲ್ಲಿ ಕೇಳಿದ ಬಣ್ಣ ಸಿಗದೆ ಇದ್ದದ್ದನ್ನೇ ಕೊಳ್ಳುವವರ ಮುಖ ಹಾಗಿರುತ್ತದೆ.

"ಸರಿ," ಎಂದಳು ಮಗಳು. "ಮೊದಲು ಮಂಚದ ಕೆಳಗೆ ಹೋಗಿ."

ಹತ್ತೂಕಾಲಿಗೆ ಹೆಂಡತಿ ಬಂದಾಗ ಕಂಡದ್ದು ಮಂಚದ ಅಡಿಯಿಂದ ಚಾಚಿದ ಗಂಡನ ಎರಡು ಕಾಲು. ಗುಮಾಸ್ತರು ಕೆಟ್ಟ ಕನಸುಗಳನ್ನು ಗುಡಿಸುತ್ತಿದ್ದರು. ಬಾಲ ಇಲ್ಲದ ಕಾರಣ ಪೊರಕೆ ಬಳಸಲು ಅನುಮತಿ ಸಿಕ್ಕಿತ್ತು. ನಡೆದದ್ದೆಲ್ಲ ಕೇಳಿ ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು; ಅಲ್ಲಿಂದ ಎಷ್ಟೋ ಹೊತ್ತು ತಟ್ಟೆ ಕುಲುಕಿದ ಹಾಗೆ ಸದ್ದಾಗುತ್ತಿತ್ತು.

ಮುಂದಿನ ಐದು ದಿನ ಗುಮಾಸ್ತರು ಪ್ರಭಾರ ನಿಭಾಯಿಸಿದರು. ದಿಂಬಿನ ಎರಡೂ ಬದಿ ಊದಬೇಕು. ಮಗನ ಪ್ರಕಾರ ಒಂದು ಬದಿಗೆ ಇಪ್ಪತ್ತು ಊದು. ಮೊದಲ ದಿನ ತಲೆ ಸುತ್ತಿ ಕಪಾಟು ಹಿಡಿದುಕೊಂಡರು. ಬಾಲದ ಬದಲು ತೋಳು ಕೊಟ್ಟರೆ, "ಉಫ್ಫಣ್ಣನ ಬಾಲದಲ್ಲಿ ಮೂಳೆ ಇರಲಿಲ್ಲ" ಎಂಬ ಆಕ್ಷೇಪಣೆ ಬಂತು. ಮಾತು ಮೆಲ್ಲಗೆ ಆಡಬೇಕು. ಒದ್ದೆ ಟವೆಲು ಹಗ್ಗದ ಮೇಲೆ ಇರಬೇಕು. ಮಗಳೇ ಹೋಗಿ ಮುಟ್ಟಿ ನೋಡಿ ಬರುತ್ತಿದ್ದಳು. ಎಲ್ಲಕ್ಕಿಂತ ಕಷ್ಟದ್ದು ಮೂರನೇ ಕಿವಿ. ಪೆನ್ಸಿಲ್ ಕದ್ದವರಾರು, ಜೋಕಾಲಿಯಲ್ಲಿ ಯಾರು ಯಾರನ್ನು ನೂಕಿದರು ಎಂಬ ಪುರಾಣವನ್ನೆಲ್ಲ ಕೇಳಿ, ಕೊನೆಯಲ್ಲಿ ಕೇಳುವ ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಬೇಕು. ತಪ್ಪಿದರೆ ಮಕ್ಕಳು ಮತ್ತೆ ಮೊದಲಿನಿಂದ ಹೇಳುತ್ತಿದ್ದರು.

ಆದರೂ ನಾಲ್ಕನೇ ರಾತ್ರಿ ಮಗ ಅವರ ತೋಳಿನ ಮೇಲೆಯೇ ನಿದ್ದೆಹೋದ. ತೋಳು ಜೋಮುಹಿಡಿದು ಮರದ ಕೊರಡಾಯಿತು, ಗುಮಾಸ್ತರು ಅಲುಗಾಡಲಿಲ್ಲ. ಮಗನ ಉಸಿರು ಮೊಣಕೈಗೆ ಬೆಚ್ಚಗೆ ತಾಗುತ್ತಿತ್ತು. ಇಷ್ಟು ದಿನ ಇದನ್ನೆಲ್ಲ ಆ ನೀಲಿಯವನು ಒಬ್ಬನೇ ಅನುಭವಿಸಿದನಲ್ಲ ಎಂದು ಅವರ ಹೊಟ್ಟೆ ಹೊಸದಾಗಿ ಉರಿಯಿತು. ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ಪಿಸುದನಿಯಲ್ಲಿ, "ಎಲ್ಲಿ ನಿನ್ನ ಉಫ್ಫಣ್ಣ?" ಎಂದು ಕೇಳಿ ಸೇಡು ತೀರಿಸಿಕೊಂಡರು. ಆಕೆ ನಕ್ಕಳು. ಅದು ಉಫ್ಫಣ್ಣನಿಗೆ ಮೀಸಲಾಗಿದ್ದ ನಗುವೇ ಎಂದು ಗುಮಾಸ್ತರಿಗೆ ಅನ್ನಿಸಿ, ಗೆದ್ದೆ ಎಂದುಕೊಂಡರು.

ಗೆದ್ದವರು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಐದನೇ ರಾತ್ರಿ ಮಗಳು ತುಂಬ ವಿನಯದಿಂದ ಕೇಳಿದಳು: "ಅಪ್ಪಾ, ಮೂರು ವರ್ಷಕ್ಕೆ ಮೊದಲೇ ವಾಪಸ್ ಬರೋಕೆ ಏನೂ ದಾರೀನೇ ಇಲ್ವಾ?"

ಹತ್ತೊಂಬತ್ತು ವರ್ಷದಲ್ಲಿ ಮನೆಯವರು ಯಾರೂ ಗುಮಾಸ್ತರ ಕೆಲಸದ ಬಗ್ಗೆ ಒಂದು ಪ್ರಶ್ನೆ ಕೇಳಿದವರಲ್ಲ. ಅವರು ಉಬ್ಬಿಹೋದರು. "ಇಲ್ಲದೆ ಏನು ಪುಟ್ಟಿ! ಪರಸ್ಪರ ವರ್ಗಾವಣೆ ಅಂತ ಒಂದಿದೆ. ಅವನ ಜಾಗಕ್ಕೆ ಇಲ್ಲಿಂದ ಒಬ್ಬರು ಹೋದ್ರೆ, ಅವನು ಅದೇ ದಿನ ಇಲ್ಲಿಗೆ ಬರಬಹುದು. ಇಬ್ಬರದೂ ಒಂದೇ ದರ್ಜೆ, ಒಂದೇ ಕೆಲಸ ಆಗಿರಬೇಕು, ಅಷ್ಟೆ. ಈ ನಿಯಮ ನಮ್ಮ ಆಫೀಸಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ!" ಮಗಳು ಎರಡು ಸಲ ಕೇಳಿ ತಿಳಿದುಕೊಂಡಳು. ಆ ರಾತ್ರಿ ಗುಮಾಸ್ತರು ಹೆಮ್ಮೆಯಿಂದ ಮಲಗಿದರು.

ಮರುದಿನ ಒಂಬತ್ತಕ್ಕೆ ಐದು ನಿಮಿಷವಿರುವಾಗ ಗುಮಾಸ್ತರು ಪೊರಕೆ ಹಿಡಿದು ಬಂದರೆ, ಮಕ್ಕಳ ಕೋಣೆಯ ಬಾಗಿಲಲ್ಲಿ ಮಗಳು ಒಂದು ಕಾಗದ ಹಿಡಿದು ನಿಂತಿದ್ದಳು. ಕೆಂಪು ಬಣ್ಣದ ಕಡ್ಡಿಯಲ್ಲಿ ಬರೆದಿತ್ತು: 'ಅಪ್ಪ ಮಂಜುಬೆಟ್ಟಕ್ಕೆ. ಉಫ್ಫಣ್ಣ ಇಲ್ಲಿಗೆ. ಒಂದೇ ಕೆಲಸ.' ಕೆಳಗೆ ಹೆಂಡತಿಯ ಸಹಿ, ದಿನಾಂಕ ಸಮೇತ. ಹತ್ತೊಂಬತ್ತು ವರ್ಷದಲ್ಲಿ ಇಷ್ಟು ಚೊಕ್ಕವಾದ ಆದೇಶ ಗುಮಾಸ್ತರ ಕೈಯಿಂದಲೂ ಹೊರಟಿರಲಿಲ್ಲ.

"ಏನೇ ಇದು? ನೀನು ಹೇಗೆ ಸಹಿ ಹಾಕ್ದೆ?"

"ನನ್ನನ್ನ ಕೇಳಬೇಡಿ," ಎಂದಳು ಹೆಂಡತಿ. "ಫೈಲು ಬಂತು, ಸಹಿ ಹಾಕ್ದೆ."

"ಪುಟ್ಟಿ, ನಾನು ಚೆನ್ನಾಗೇ ಊದ್ತಾ ಇದ್ನಲ್ಲೇ!"

"ಚೆನ್ನಾಗಿ ಊದಿದ್ರಿ ಅಪ್ಪಾ. ಅದಕ್ಕೇ ಒಂದೇ ದರ್ಜೆ ಅಂತ ಆಯ್ತು." ಅವಳು ಸಮಾಧಾನ ಹೇಳುವ ಹಾಗೆ ಅವರ ಕೈ ತಟ್ಟಿದಳು. "ಮೂರು ವರ್ಷ ಅಷ್ಟೇ."

ಮಗ ಪೊರಕೆಯನ್ನು ಅವರ ಕೈಯಿಂದ ತೆಗೆದುಕೊಂಡು ಬಾಗಿಲು ಮುಂದಕ್ಕೆ ದೂಡಿದ. ಗುಮಾಸ್ತರು ನಡುಮನೆಯ ಸೋಫಾದ ಮೇಲೆ ಕೂತರು. ಪತ್ರಿಕೆ ಪಕ್ಕದಲ್ಲೇ ಇತ್ತು, ಮುಟ್ಟಲು ಮನಸ್ಸಾಗಲಿಲ್ಲ. ಒಳಗೆ ಉಫ್ಫಣ್ಣ ಬಂದಿಳಿದ. ತುಪ್ಪಳದ ತುಂಬ ಮಂಜು ಮೆತ್ತಿತ್ತಂತೆ, ಕೊಡವಿಕೊಂಡನಂತೆ. ಮಕ್ಕಳು ಕೇಕೆ ಹಾಕಿದರು, ಹೆಂಡತಿಯ ದನಿಯಲ್ಲಿ ಜೇನು ಸುರಿಯಿತು. ಊದಿದ ಸದ್ದು ಕೇಳಿಸಿದಾಗ ಗುಮಾಸ್ತರ ಕೆನ್ನೆ ತಾನಾಗಿಯೇ ಉಬ್ಬಿ, ಯಾರಿಗೂ ಬೇಡವಾದ ಗಾಳಿಯನ್ನು ಮೆಲ್ಲಗೆ ಹೊರಗೆ ಬಿಟ್ಟಿತು.

"ಅಮ್ಮಾ," ಎಂದ ಮಗ, ಅರೆನಿದ್ದೆಯಲ್ಲಿ. "ಈಗ ಮಂಜುಬೆಟ್ಟದಲ್ಲಿ ಯಾರಿದ್ದಾರೆ?"

ಗುಮಾಸ್ತರು ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು.

"ಇದ್ದಾರಪ್ಪ ಒಬ್ಬರು. ಹೊಸಬರು."

"ಅವರು ಹೇಗಿದ್ದಾರೆ?"

ಹೆಂಡತಿ ಯೋಚಿಸುತ್ತಿದ್ದಳು. ಆಚೆಯಿಂದ ಗುಮಾಸ್ತರು ಬಾಗಿಲಿಗೆ ಕಿವಿ ಹಚ್ಚಿದರು. ಎತ್ತರ ಒಂಬತ್ತು ಅಡಿ ಆಗದಿದ್ದರೆ ಏಳಾದರೂ ಆಗಲಿ, ಬಾಲ ಬೇಡ, ಒಂದು ಕಿವಿ ಜಾಸ್ತಿ ಕೊಡಲಿ ಸಾಕು ಎಂದು ಮನಸ್ಸಿನಲ್ಲೇ ಬೇಡಿಕೊಂಡರು.

"ಅವರದು ನಾಳೆ ಹೇಳಮ್ಮ," ಎಂದು ಮಗಳು ಆಕಳಿಸಿದಳು. "ಈಗ ಉಫ್ಫಣ್ಣಂದು ಹೇಳು."

ಗುಮಾಸ್ತರು ಸದ್ದಾಗದ ಹಾಗೆ ಸೋಫಾಕ್ಕೆ ಹಿಂತಿರುಗಿ, ಹೊದಿಕೆ ಎಳೆದುಕೊಂಡು, ನಾಳೆಗಾಗಿ ಕಾಯುತ್ತಾ ಮಲಗಿದರು.