ಮನೆ ಮುಂದೆ ಕಟ್ಟಿದ ಎತ್ತನ್ನು ವಾಪಸ್ ಒಯ್ಯುವ ಕುರಿತು

ಇಂದ:
ರೋಹಿಣಿ ಮಡಿವಾಳೆಪ್ಪ ಹೊಸಮನಿ, ವಯಸ್ಸು ೨೨,
ಕೆಳಗಿನ ಓಣಿ, ಯರಗುಪ್ಪಿ, ತಾ. ಕುಂದಗೋಳ

ಗೆ:
ಅಧ್ಯಕ್ಷರು, ಕೆಳಗಿನ ಓಣಿ ಹಿರಿಯರ ಕಮಿಟಿ

ವಿಷಯ: ನಾನು ಎತ್ತಿನ ಕೆಲಸ ಮಾಡುತ್ತಿಲ್ಲವೆಂದು ಸ್ಪಷ್ಟಪಡಿಸುವುದು.

ಉಲ್ಲೇಖ:
೧) ಪಕ್ಕದ ಮನೆ ಮಲ್ಲಕ್ಕನವರು ಓಣಿಯ ವಾಟ್ಸ್ಯಾಪ್ ಗುಂಪಿಗೆ ಹಾಕಿದ ವಿಡಿಯೋ (ದುಃಖದ ಸಂಗೀತ ಸಹಿತ)
೨) ಮರುದಿನ ಕಮಿಟಿಯು ನಮ್ಮ ಮನೆ ಮುಂದೆ ತಂದು ಕಟ್ಟಿದ ಎತ್ತು

ಮಾನ್ಯರೇ,

೧. ಕಳೆದ ವರ್ಷ ಪೊಲೀಸ್ ನೇಮಕಾತಿಯ ಉದ್ದಜಿಗಿತದಲ್ಲಿ ನನಗೆ ನಾಲ್ಕು ಬೆರಳು ಕಡಿಮೆ ಬಿತ್ತು. ತೊಡೆ ಮತ್ತು ಮೀನಖಂಡದಲ್ಲಿ ಬಲ ಸಾಲದೆಂದು ಹೈಸ್ಕೂಲಿನ ಆಟದ ಟೀಚರ್ ಸುಮಂಗಲಾ ಅವರು ಹೇಳಿದರು. ಆದ್ದರಿಂದ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಭಾರ ಹೇರಿದ ಹಲಗೆಯನ್ನು ಇಪ್ಪತ್ತು ಮೀಟರಿನಂತೆ ಆರು ಸಲ, ದಿನ ಬಿಟ್ಟು ದಿನ ಎಳೆಯಲು ತಿಳಿಸಿದರು. ಕಡಲೆ ಕಿತ್ತ ನಮ್ಮ ಹೊಲ ಖಾಲಿ ಇದ್ದ ಕಾರಣ ಅಲ್ಲಿ ಎಳೆದೆ. ಹಲಗೆ ಹಳೆಯ ಬಾಗಿಲಿನದು. ಭಾರವೆಂದರೆ ಯೂರಿಯಾ ಚೀಲದಲ್ಲಿ ತುಂಬಿದ ಎರೆಮಣ್ಣು. ಹೋದ ಮಂಗಳವಾರ ಶಾಲೆಯ ಮೈದಾನದಲ್ಲಿ ಅರ್ಹತೆಯ ಗೆರೆ ದಾಟಿ ಎರಡು ಬೆರಳು ಮುಂದೆ ಬಿದ್ದಿದ್ದೇನೆ.

೨. ಎತ್ತಿಲ್ಲದ ಕಾರಣ ಅಪ್ಪ ಮಗಳನ್ನೇ ಹೂಡಿದ್ದಾನೆ ಎಂದು ವಿಡಿಯೋದ ಕೆಳಗೆ ಬರೆಯಲಾಗಿದೆ. ಆರು ವರ್ಷದಿಂದ ನಮ್ಮ ಹೊಲಕ್ಕೆ ಬಾಡಿಗೆ ಟ್ರ್ಯಾಕ್ಟರ್ ಬರುತ್ತದೆ. ಆ ಟ್ರ್ಯಾಕ್ಟರ್ ತಮ್ಮದೇ ಆದ ಕಾರಣ ಇದು ತಮಗೆ ಗೊತ್ತಿರಬೇಕಿತ್ತು.

೩. ಎತ್ತು ಕೊಟ್ಟ ಬಾಬಾಸಾಬ ಕಾಕಾ ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿದ್ದಾರೆ, ತಕರಾರಿಲ್ಲ. ಆದರೆ ಅದಕ್ಕೆ ವಯಸ್ಸಾಗಿದೆ, ಮುಂಗಾಲು ಕುಂಟುತ್ತದೆ. ಆದಕಾರಣ ದಿನಾ ಎರಡು ಹೊತ್ತು ನೀರು ಕುಡಿಸಲು ಅದನ್ನು ನಾನೇ ಎಳೆದೊಯ್ಯುತ್ತಿದ್ದೇನೆ. ಈ ವ್ಯಾಯಾಮ ಟೀಚರ್ ಕೊಟ್ಟ ಪಟ್ಟಿಯಲ್ಲಿಲ್ಲ.

೪. ಅಪ್ಪ ಚಹಾದ ಅಂಗಡಿಗೆ ಹೋಗುವುದನ್ನು ಬಿಟ್ಟಿದ್ದಾರೆ. ಅವರು ಹೋದರೆ ಕೂತವರ ಮಾತು ನಿಲ್ಲುತ್ತದೆ. ಮೊನ್ನೆ ನನ್ನ ಹಗ್ಗವನ್ನು ಸುತ್ತಿ ಅಟ್ಟದ ಮೇಲಿಟ್ಟು, "ಸಾಕವ್ವ. ನಿನ್ನ ಕಾಲಿಗೆ ಬಲಾ ಬರೂದ್ರಾಗ ನನ್ನ ಮರ್ಯಾದಿ ಹೋತು" ಎಂದರು. ಕಳೆದ ವರ್ಷ ನಾನು ಸೋತು ಬರುವಾಗ ಬಸ್ಸಿನಲ್ಲಿ ನನ್ನ ಬೂಟಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, "ಮುಂದಿನ ಸಲ ಜಿಗೀತಿ ಬಿಡು" ಎಂದವರೂ ಇವರೇ. ಅವರು ಹೀಗೆ ತಲೆ ತಗ್ಗಿಸುವಂತೆ ಮಾಡಿದ್ದಕ್ಕೆ ನನಗೆ ಬಹಳ ಸಂಕಟವಾಗಿದೆ, ತಮ್ಮ ಮೇಲೆ ಸಿಟ್ಟೂ ಬಂದಿದೆ. ಎರಡನ್ನೂ ದಾಖಲಿಸಿಕೊಳ್ಳಬೇಕು.

೫. ಈ ಸಲದ ಪರೀಕ್ಷೆಗೆ ಹತ್ತೊಂಬತ್ತು ದಿನ ಉಳಿದಿವೆ. ಎಳೆಯುವುದನ್ನು ಈಗ ಬಿಟ್ಟರೆ ಬಂದ ಎರಡು ಬೆರಳೂ ಹೋಗುತ್ತವೆ.

ಆದ್ದರಿಂದ ಕಮಿಟಿಯು ಎತ್ತನ್ನು ಬಾಬಾಸಾಬ ಕಾಕಾಗೆ ಮರಳಿಸಬೇಕು. ಅಧ್ಯಕ್ಷರು ಖುದ್ದಾಗಿ ನಮ್ಮ ಮನೆಗೆ ಬಂದು ಅಪ್ಪನನ್ನು ಚಹಾದ ಅಂಗಡಿಗೆ ಕರೆದೊಯ್ದು, ನಾಲ್ಕು ಜನರಿಗೆ ಕಾಣುವ ಹಾಗೆ ಅವರ ಬಾಜೂಕ ಕೂತು ಚಹಾ ಕುಡಿಯಬೇಕು. ಹಗ್ಗ ಆಮೇಲೆ ತಾನೇ ಅಟ್ಟದಿಂದ ಇಳಿಯುತ್ತದೆ.

ಎರಡು ದಿನದಿಂದ ಸುಮ್ಮನೆ ಕೂತಿರುವ
ತಮ್ಮ ವಿಶ್ವಾಸಿ,
ರೋಹಿಣಿ

ಲಗತ್ತುಗಳು:
೧) ಸುಮಂಗಲಾ ಟೀಚರ್ ಬರೆದುಕೊಟ್ಟ ವ್ಯಾಯಾಮದ ಪಟ್ಟಿ
೨) ಟ್ರ್ಯಾಕ್ಟರ್ ಬಾಡಿಗೆ ಚೀಟಿ (ತಮ್ಮ ಸಹಿ ಇರುವುದು)
೩) ಎತ್ತು, ಒಂದು (ತಮ್ಮ ಬಾಗಿಲ ಕಂಬಕ್ಕೆ ಕಟ್ಟಲಾಗಿದೆ)

ವಿ.ಸೂ.: ಈ ವಾರದಿಂದ ಭಾರ ಹೆಚ್ಚಿಸಬೇಕಾಗಿದೆ. ನನ್ನನ್ನು ನೋಡಿ ಕನಿಕರ ತಡೆಯಲಾಗದವರು ರಸ್ತೆಯಲ್ಲಿ ನಿಂತು ಕಣ್ಣೊರೆಸಿಕೊಳ್ಳದೆ, ಹೊಲಕ್ಕಿಳಿದು ಹಲಗೆಯ ಮೇಲೆ ಕೂರಬೇಕಾಗಿ ವಿನಂತಿ. ಐವತ್ತೈದು ಕಿಲೋದ ಒಳಗಿನವರಿಗೆ ಆದ್ಯತೆ.