ಯಜಮಾನರು ಓಡಿದ ಆಟ

ಗೇಮ್ ಸೆಂಟರ್ ಇಟ್ಟವನ ಎದುರು ದಿನಕ್ಕೊಂದು ತಮಾಷೆ ನಡೆಯುತ್ತದೆ. ಅದರಲ್ಲಿ ಅರ್ಧಕ್ಕೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಭಾರತೀನಗರದ ಬಸ್ ಸ್ಟ್ಯಾಂಡ್ ಹತ್ತಿರ ಆರು ಕಂಪ್ಯೂಟರ್ ಇಟ್ಟುಕೊಂಡಿದ್ದೆ. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಕುರ್ಚಿಗಳು ಖಾಲಿಯಾದವು. ಹೋದ ವರ್ಷ ಬಾಗಿಲು ಹಾಕಿದೆ. ಆ ಕೊನೆಯ ದಿನಗಳಲ್ಲಿ ತಪ್ಪದೆ ಬರುತ್ತಿದ್ದವರು ಒಬ್ಬ ಯಜಮಾನರು. ಶಿವನಸಮುದ್ರದ ಪವರ್‌ಹೌಸಿನಲ್ಲಿ ದುಡಿದು, ನಿವೃತ್ತರಾಗಿ ನಮ್ಮೂರಲ್ಲಿ ನೆಲೆಸಿದ್ದರು. ಲಕ್ವ ಹೊಡೆದು ಎಡಗಾಲು ಎಳೆಯುತ್ತಿತ್ತು. ಎಡಗೈ ಬೆರಳುಗಳೂ ಸರಿಯಾಗಿ ಮಾತು ಕೇಳುತ್ತಿರಲಿಲ್ಲ.

೧. ದಣಿದ ಸಿಪಾಯಿ

"ಓಡೋ ಆಟ ಯಾವ್ದಾರ ಐತೇನಪ್ಪಾ? ಬೆರಳು ಆಡಿಸ್ತಾ ಇರಿ ಅಂದವ್ರೆ ಡಾಕ್ಟ್ರು" ಅಂತ ಬಂದರು.

ಬಂದೂಕಿನ ಆಟ ಹಾಕಿಕೊಟ್ಟೆ. ಗುರಿ ಇಡುವುದು ಬಲಗೈಯ ಮೌಸಿನಿಂದ, ನಡೆಯುವುದು ಎಡಗೈ ಬೆರಳುಗಳಿಂದ. ಹೊಸ ಆಟ, ಅದರ ಸಿಪಾಯಿ ಥೇಟ್ ಮನುಷ್ಯನ ಹಾಗೆ. ಹತ್ತು ಹೆಜ್ಜೆ ಓಡಿದರೆ ಏದುಸಿರು, ಆಮೇಲೆ ತೆವಳಿದಂಥ ನಡಿಗೆ.

ಯಜಮಾನರು ಸ್ವಲ್ಪ ಹೊತ್ತು ಅವನ ಉಸಿರಾಟ ಕೇಳಿಸಿಕೊಂಡರು. "ಇವ್ನಿಗೂ ದಮ್ಮು ಕಟ್ತದಾ? ಇದ ನೋಡಕ್ಕೆ ಇಲ್ಲಿಗಂಟ ಯಾಕ್ ಬರ್ಬೇಕು, ಮನೇಲಿ ಕನ್ನಡಿ ಇಲ್ವಾ?"

೨. ಕನಿಕರದ ವೈರಿಗಳು

ಮರುದಿನ ಹಳೇ ಆಟ ಹಾಕಿದೆ. ಅದರಲ್ಲಿ ದಣಿವೇ ಇಲ್ಲ. ಎಣ್ಣೆ ಮೇಲೆ ಜಾರಿದ ಹಾಗೆ ಓಟ. ಅವರಿಗೆ ತಿಳಿಯದಂತೆ ತೀರಾ ಸುಲಭದ ಮಟ್ಟಕ್ಕೆ ಇಳಿಸಿದ್ದೆ. ವೈರಿಗಳು ಎದುರಿಗೇ ನಿಂತು ಆಕಾಶಕ್ಕೆ ಗುಂಡು ಹಾರಿಸುತ್ತಿದ್ದರು.

ಅರ್ಧ ಗಂಟೆಯಾದ ಮೇಲೆ ಯಜಮಾನರು ಕೀಬೋರ್ಡಿನಿಂದ ಕೈ ತೆಗೆದರು. ಮುಖ ಕಪ್ಪಿಟ್ಟಿತ್ತು. "ಇವ್ರು ಬೇಕಂತ್ಲೇ ನನ್ನ ಬುಡ್ತಾವ್ರೆ. ಮನೇಲಿ ಪಾಪ ಅಂತಾರೆ, ಬಸ್ಸಲ್ಲಿ ಪಾಪ ಅಂತ ಸೀಟ್ ಬುಡ್ತಾರೆ. ಇಲ್ಲೂ ಪಾಪನಾ?"

ನಾಚಿಕೆಯಾಯಿತು. ಎಲ್ಲಕ್ಕಿಂತ ಕಷ್ಟದ ಮಟ್ಟಕ್ಕೆ ಏರಿಸಿದೆ. ಆಟದ ಮೊದಲ ಬಾಗಿಲು ದಾಟುವಷ್ಟರಲ್ಲಿ ಸತ್ತರು. ಎದ್ದರು, ಮತ್ತೆ ಸತ್ತರು. ಏಳೆಂಟು ಸಲ ಸತ್ತ ಮೇಲೆ ಸಮಾಧಾನದಿಂದ ಬೆನ್ನು ಒರಗಿಸಿ ಅಂದರು:

"ಇವ್ರು ನೋಡಪ್ಪ, ಮರ್ವಾದೆ ಗೊತ್ತಿರೋ ಜನ."

೩. ನಿಂತರೆ ಕಷ್ಟ

ಪಕ್ಕದ ಕುರ್ಚಿಯಲ್ಲಿ ಒಬ್ಬ ಕಾಲೇಜು ಹುಡುಗ. ಅವನಿಗೆ ತಡೆಯಲಾಗಲಿಲ್ಲ. "ತಾತ, ನಿಂತ್ಕಂಡು ಹೊಡೀಬೇಡಿ. ನಿಂತ್ರೆ ಸತ್ರಿ. ಓಡಾಡ್ತಾನೇ ಇರ್ಬೇಕು."

"ಆಸ್ಪತ್ರೇಲೂ ಹಿಂಗೇ ಅಂದ್ರು ಕಣ್ಲಾ" ಅಂದರು ಯಜಮಾನರು. "ಓಡಾಡಕ್ಕೋಗೇ ಬಚ್ಚಲಲ್ಲಿ ಬಿದ್ದಿದ್ದು."

೪. ಯಜಮಾನಿ ಬಂದರು

ಮನೆಯಲ್ಲಿ ಅವರು "ಕಾಲಿನ ಎಕ್ಸರ್ಸೈಜಿಗೆ ಓಯ್ತೀನಿ" ಅಂತ ಹೇಳಿ ಬರುತ್ತಿದ್ದರಂತೆ. ಗುಣ ಕಾಣಲಿಲ್ಲ ಅಂತ ಒಂದು ಮಧ್ಯಾಹ್ನ ಅವರ ಹೆಂಡತಿ ಹುಡುಕಿಕೊಂಡು ಬಂದರು. ಅದೇ ಹೊತ್ತಿಗೆ ಯಜಮಾನರು ಎಂದಿಲ್ಲದ ಹುರುಪಿನಲ್ಲಿದ್ದರು. ಸೊಟ್ಟ ಬೆರಳಲ್ಲೇ ಕೀ ಒತ್ತಿ ತಾರಸಿಯಿಂದ ತಾರಸಿಗೆ ಹಾರುತ್ತಿದ್ದರು.

"ಏನಪ್ಪಾ ಇದು?" ಅಂತ ಆಕೆ ನನ್ನನ್ನು ಕೇಳಿದರು.

"ಆ ಬಂದೂಕು ಹಿಡಿದು ಓಡ್ತಿರೋರು ನಿಮ್ಮೆಜಮಾನ್ರೇ ಕಣಮ್ಮ" ಅಂದೆ.

ಆಕೆ ಸೊಂಟದ ಮೇಲೆ ಕೈ ಇಟ್ಟರು. "ಮನೇಲಿ ಒಂದ್ ಲೋಟ ನೀರಿಗೂ ಏಳಕಿಲ್ಲ. ಇಲ್ಲಿ ಮಾಳಿಗೆ ಹಾರ್ತಾವ್ರಾ!"

ದನಿ ಕೇಳಿ ಯಜಮಾನರ ಬೆರಳು ನಿಂತಿತು. ಅಷ್ಟೇ ಸಾಕಾಯಿತು. ಎಲ್ಲಿಂದಲೋ ಗುಂಡು ಬಂತು, ಪರದೆ ಕೆಂಪಾಯಿತು, ಸಿಪಾಯಿ ಬಿದ್ದ.

"ಅಯ್ಯೋ, ಬಿದ್ರು!" ಅಂದವರೇ ಆಕೆ ಗಂಡನ ಭುಜ ಹಿಡಿದುಕೊಂಡರು. ಬಚ್ಚಲಲ್ಲಿ ಬಿದ್ದ ದಿನವೂ ಹೀಗೇ ಹಿಡಿದಿರಬೇಕು. ಯಜಮಾನರು ತಲೆ ತಗ್ಗಿಸಿದರು. ನಾನು ಕೈ ಚಾಚಿ ಎಂಟರ್ ಕೀ ಒತ್ತಿದೆ. ಸಿಪಾಯಿ ಥಟ್ಟನೆ ಎದ್ದು ಓಡಲು ಸಿದ್ಧನಾಗಿ ನಿಂತ.

ಆಕೆ ಪರದೆ ನೋಡಿದರು, ಗಂಡನ ಕಾಲು ನೋಡಿದರು, ಆಮೇಲೆ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು:

"ಯಾವ್ದಪ್ಪ ಒತ್ತಿದ್ದು? ನಂಗೂ ತೋರ್ಸು. ಮನೇಲಿ ಬೇಕಾಯ್ತದೆ."